ನಮ್ಮ ಜಿಲ್ಲೆಯ ಕಥೆ, ಭಾಗ 6: ಕಪ್ಪತಗುಡ್ಡದ ಹೊಟ್ಟ್ಯಾಗ ಬಂಗಾರ

ಮಳೆಗಾಲದಾಗ ರೀಲ್ಸ್ ಮಾಡಾಕ ಕಪ್ಪತಗುಡ್ಡಕ್ಕ ಹೋಗಿರ್ತೀರಿ. ಗಾಳಿಗುಂಡಿ ಬಸವಣ್ಣನ ಹತ್ರ ನಿಂತು ಫೋಟೋನೂ ಹೊಡ್ಕೊಂಡಿರ್ತೀರಿ. ಆದ್ರ ಕಾಲ ಕೆಳಗ ಬಂಗಾರ ಐತಿ ಅನ್ನೋದು ಗೊತ್ತೈತೇನ್ರಿ?

ಇದು ಗಾಳಿಮಾತಲ್ಲ. ಈ ಕಲ್ಲುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಭೂಮಿಯಾಳದ ಬಿಸಿನೀರು ಬಿರುಕುಗಳಲ್ಲಿ ಹರಿದು ಬಿಳಿ ಬೆಣಚುಕಲ್ಲಾಗಿ ಗಟ್ಟಿಯಾದಾಗ ಬಂಗಾರವೂ ಅದರೊಳಗೆ ಸಿಕ್ಕಿಕೊಂಡಿತು. ಕಲ್ಲು ಸವೆದು ಕಣಗಳು ಹಳ್ಳಕ್ಕ ಬಂದವು. ಆ ಮರಳು ತೊಳೆದು ಬಂಗಾರ ತೆಗೆಯೋರು ಜಾಲಗಾರರು. ಬಂಗಾರ ನೀರಿಗಿಂತ ಸುಮಾರು 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು ಅಷ್ಟೇ. ಮರಿಗೆಯಲ್ಲಿ ನೀರು ಹಾಕಿ ತಿರುಗಿಸಿದ್ರ ಮರಳು ಹರಿದು ಹೋಗ್ತದ, ಬಂಗಾರ ತಳದಾಗ ಕೂರ್ತದ.

1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ ಬಂಗಾರದ ಬಗ್ಗೆ ವರದಿ ಬರೆದರು. ಡಂಬಳ ಗುಡ್ಡ ಅಂದ್ರ ನಮ್ಮ ಕಪ್ಪತಗುಡ್ಡನ. 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಸುರಂಗ ತೋಡಿದವು. ಒಂದು ಗಣಿಯ ಹೆಸರು ಸಾಂಗ್ಲಿ. ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನದಾಗಿತ್ತು. ಕೆಲವೇ ವರ್ಷಗಳಲ್ಲಿ ಕೆಲಸ ನಿಂತಿತು.

ಈಗ ಬಿಕಾಂ ಲೆಕ್ಕ. ಒಂದು ಟನ್ ಕಲ್ಲಿನಾಗ 3 ಗ್ರಾಂ ಬಂಗಾರ ಐತಿ ಅಂತ ಇಟ್ಕೊಳ್ರಿ. 30 ಗ್ರಾಮಿನ ಒಂದು ಸರಕ್ಕ 10 ಟನ್ ಗುಡ್ಡ ಪುಡಿ ಆಗಬೇಕು. ಬಂಗಾರ ಬಿಡಿಸಾಕ ಸಯನೈಡ್ ಬೇಕು. ಉಳಿದ ಪುಡಿ ಎಲ್ಲಿ ಹಾಕೋದು? ಮಳಿ ಬಂದ್ರ ಹಳ್ಳಕ್ಕ, ಹಳ್ಳದಿಂದ ಹೊಲಕ್ಕ. ಲಾಭ ಕಂಪನಿ ಖಾತೆಗೆ, ಈ ಖರ್ಚು ಮಾತ್ರ ಊರಿನವರ ಖಾತೆಗೆ.

ಅದಕ್ಕ ಜನ ಬೀದಿಗಿಳಿದ್ರು. 2015ರಲ್ಲಿ ಗುಡ್ಡ ಸಂರಕ್ಷಿತ ಮೀಸಲು ಪ್ರದೇಶವಾಯ್ತು. 2016ರಲ್ಲಿ ಸರ್ಕಾರ ಆ ಆದೇಶ ವಾಪಸ್ ತಗೊಂಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ಹೋರಾಡಿದರು. 2017ರಲ್ಲಿ ಆದೇಶ ಮತ್ತೆ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯ್ತು. ಅದನ್ನ ನೋಡಾಕ ಸ್ವಾಮೀಜಿ ಇರಲಿಲ್ಲ; 2018ರಲ್ಲೇ ಲಿಂಗೈಕ್ಯರಾಗಿದ್ದರು.

ಬಂಗಾರ ಇನ್ನೂ ಅಲ್ಲೇ ಐತಿ, ರೇಟು ಮಾತ್ರ ಏರ್ಕೋತ ಹೊಂಟೈತಿ. ಒಮ್ಮೆ ವಾಪಸ್ ಹೋದ ಆದೇಶ ಮತ್ತೊಮ್ಮೆ ಹೋಗಬಾರದು ಅಂತೇನಿಲ್ಲ. ಕಾಯೋ ಪಾಳಿ ಈಗ ನಮ್ಮದು. ನಿಮ್ಮ ಮನ್ಯಾಗ ಹಿರಿಯರು ಹಳೇ ಗಣಿ ಬಗ್ಗೆ ಏನರ ಹೇಳಿದ್ರ, ಬರೆದು ಕಳಿಸ್ರಿ.