ತಾಖಿ ಮರಳಿದ ಹುಲ್ಲುಗಾವಲು

1992ರ ಜೂನ್ ತಿಂಗಳಲ್ಲಿ ಯುರೋಪಿನಿಂದ ಹೊರಟ ವಿಮಾನವೊಂದು ಮಂಗೋಲಿಯಾ ತಲುಪಿತು. ಅದರಲ್ಲಿದ್ದ ಪೆಟ್ಟಿಗೆಗಳಿಂದ ಇಳಿದದ್ದು ಕುದುರೆಗಳು. ಗಿಡ್ಡ ಕಾಲು, ದಪ್ಪ ಕತ್ತು, ಮಾಸಲು ಕಂದು ಮೈ, ಕತ್ತಿನ ಮೇಲೆ ನೆಟ್ಟಗೆ ನಿಂತ ಕಪ್ಪು ಕೂದಲು. ಮಂಗೋಲಿಯನ್ನರು ಇವನ್ನು 'ತಾಖಿ' ಎನ್ನುತ್ತಾರೆ. ಆ ನೆಲದಲ್ಲಿ ಕಾಡು ತಾಖಿ ಕೊನೆಯ ಬಾರಿ ಕಣ್ಣಿಗೆ ಬಿದ್ದದ್ದು 1969ರಲ್ಲಿ, ಗೋಬಿ ಮರುಭೂಮಿಯಲ್ಲಿ. ಇಪ್ಪತ್ತಮೂರು ವರ್ಷಗಳ ಮೇಲೆ ಬಂದಿಳಿದ ಈ ಕುದುರೆಗಳಲ್ಲಿ ಒಂದೂ ಆ ಹುಲ್ಲನ್ನು ತಿಂದಿರಲಿಲ್ಲ, ತೋಳವನ್ನು ಕಂಡಿರಲಿಲ್ಲ.

ಈ ಪ್ರಸಂಗವನ್ನು ನಾನು ಮೊದಲು ಓದಿದ್ದು ಸುಖಾಂತ್ಯದ ಕತೆಯಾಗಿ. ಅಳಿದುಹೋದ ಪ್ರಾಣಿ ತವರಿಗೆ ಮರಳಿತು, ಅಲ್ಲಿಗೆ ಮುಗಿಯಿತು. ಇತಿಹಾಸದ ವಿದ್ಯಾರ್ಥಿಯಾಗಿ ಮತ್ತೆ ಓದಿದಾಗ ಒಂದು ಪ್ರಶ್ನೆ ಕಾಡತೊಡಗಿತು. ತವರು ಎನ್ನುವಾಗ ನಾವು ಖಾಲಿ ಬಿದ್ದ ಮನೆಯೊಂದನ್ನು ಕಲ್ಪಿಸಿಕೊಳ್ಳುತ್ತೇವೆ. ಆದರೆ ಆ ಮನೆ ಖಾಲಿಯಾಗಿತ್ತೇ?

ಮೊದಲು ತಾಖಿ ಅಲ್ಲಿಂದ ಹೊರಟದ್ದು ಹೇಗೆಂದು ನೋಡೋಣ. 1878ರಲ್ಲಿ ರಷ್ಯಾದ ಅನ್ವೇಷಕ ನಿಕೊಲಾಯ್ ಪ್ರಜೆವಾಲ್ಸ್ಕಿಗೆ ಒಂದು ಕಾಡು ಕುದುರೆಯ ಚರ್ಮ ಮತ್ತು ತಲೆಬುರುಡೆ ಸಿಕ್ಕವು. ಅವನ್ನು ಆಧರಿಸಿ 1881ರಲ್ಲಿ ಪೊಲ್ಯಾಕೊವ್ ಎಂಬ ಪ್ರಾಣಿಶಾಸ್ತ್ರಜ್ಞ ಆ ಕುದುರೆಗೆ ಪ್ರಜೆವಾಲ್ಸ್ಕಿಯ ಹೆಸರಿಟ್ಟ. ಹುಲ್ಲುಗಾವಲಿನ ಜನ ತಲೆತಲಾಂತರದಿಂದ ಬಲ್ಲ ಪ್ರಾಣಿ ಹೀಗೆ ಯುರೋಪಿಗೆ 'ಹೊಸದಾಗಿ' ಸಿಕ್ಕಿತು. ಹೆಸರಿನ ಹಿಂದೆಯೇ ಬೇಡಿಕೆ ಬಂತು. 1901ರಲ್ಲಿ ಹ್ಯಾಂಬರ್ಗಿನ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ 28 ಮರಿಗಳನ್ನು ತರಿಸಿದ. ದೊಡ್ಡ ತಾಖಿಯನ್ನು ಜೀವಂತ ಹಿಡಿಯುವುದು ಅಸಾಧ್ಯವೆನ್ನುವಷ್ಟು ಕಷ್ಟ. ಹಾಗಾಗಿ ಮರಿಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರು. ತಾಯಿಯಿಲ್ಲದ ಅವಕ್ಕೆ ಹಾಲೂಡಿಸಿದ್ದು ಮಂಗೋಲಿಯಾದ ಸಾಕು ಕುದುರೆಗಳು. 'ಶುದ್ಧ ಕಾಡು ಕುದುರೆ'ಯ ಕತೆಯಲ್ಲಿ ಸಾಕು ಕುದುರೆ ಮೊದಲ ಅಧ್ಯಾಯದಲ್ಲೇ ಬಂದು ನಿಂತಿರುವುದು ನನಗೆ ಮುಖ್ಯವಾಗಿ ಕಾಣುತ್ತದೆ.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಮೃಗಾಲಯಗಳಲ್ಲಿ ಉಳಿದದ್ದು 31 ತಾಖಿಗಳು. ಉಕ್ರೇನಿನ ಅಸ್ಕಾನಿಯಾ ನೋವಾದಲ್ಲಿದ್ದ ಹಿಂಡು ಯುದ್ಧದಲ್ಲಿ ನಾಶವಾಗಿತ್ತು. ಮ್ಯೂನಿಕ್ ಮತ್ತು ಪ್ರಾಗ್ ಮೃಗಾಲಯಗಳಲ್ಲಿ ಸಂತಾನ ಮುಂದುವರಿಯಿತು. ಆಮೇಲೆ ಈ ಪ್ರಾಣಿಯನ್ನು ಉಳಿಸಿದ್ದರಲ್ಲಿ ಕಾಗದದ ಪಾಲು ದೊಡ್ಡದು. ಎರ್ನಾ ಮೋರ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞೆ ಪ್ರತಿ ಕುದುರೆಯ ತಂದೆತಾಯಿಯನ್ನು ಗುರುತಿಸಿ ವಂಶಾವಳಿ ಸಿದ್ಧಪಡಿಸಿದರು. ಪ್ರಾಗ್ ಮೃಗಾಲಯ ಅದನ್ನು ಮುಂದುವರಿಸಿಕೊಂಡು ಬಂದಿತು. 1977ರಲ್ಲಿ ನೆದರ್ಲೆಂಡ್ಸ್‌ನ ಯಾನ್ ಮತ್ತು ಇಂಗೆ ಬೌಮನ್ ದಂಪತಿ ತಮ್ಮ ಸಂಗಾತಿಗಳೊಡನೆ ಒಂದು ಪ್ರತಿಷ್ಠಾನ ಕಟ್ಟಿದರು. ಹತ್ತಿರದ ಸಂಬಂಧದಲ್ಲೇ ಹುಟ್ಟುತ್ತಿದ್ದ ಮರಿಗಳು ದುರ್ಬಲವಾಗುವುದನ್ನು ತಪ್ಪಿಸಲು ಕುದುರೆಗಳನ್ನು ಮೃಗಾಲಯದಿಂದ ಮೃಗಾಲಯಕ್ಕೆ ಬದಲಾಯಿಸುವುದು, ವಿಶಾಲ ಬಯಲುಗಳಲ್ಲಿ ಬಿಟ್ಟು ಹಿಂಡಿನ ಬದುಕು ಕಲಿಸುವುದು ಅವರ ಕೆಲಸವಾಯಿತು.

ಹೀಗೆ ಸಿದ್ಧವಾದ 84 ಕುದುರೆಗಳು 1992ರಿಂದ 2000ದವರೆಗೆ ಹುಸ್ತಾಯ್ ಎಂಬಲ್ಲಿಗೆ ಬಂದವು. ಉಲಾನ್‌ಬಾತರ್‌ನಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಗುಡ್ಡಗಾಡು ಹುಲ್ಲುಗಾವಲು ಅದು. 1992ರಲ್ಲೇ ನೈಋತ್ಯದ ಗೋಬಿಯಲ್ಲಿ, ತಾಖಿನ್ ತಾಲ್ ಎಂಬಲ್ಲಿ, ಇನ್ನೊಂದು ಯೋಜನೆಯೂ ಶುರುವಾಯಿತು.

ಈಗ ಖಾಲಿ ಮನೆಯ ಪ್ರಶ್ನೆಗೆ ಬರೋಣ. ಮಂಗೋಲಿಯಾದ ದನಗಾಹಿಗಳು ಐದು ಬಗೆಯ ಪ್ರಾಣಿ ಸಾಕುತ್ತಾರೆ: ಕುದುರೆ, ದನ, ಒಂಟೆ, ಕುರಿ, ಆಡು. ಋತುವಿಗೆ ತಕ್ಕಂತೆ ಬೀಡು ಬದಲಿಸುವ ಅವರಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಚಳಿಗಾಲದ ಬೀಡು. ಗಾಳಿಗೆ ಮರೆಯಿರುವ, ಹಿಮದ ನಡುವೆಯೂ ಹುಲ್ಲು ಸಿಗುವ ಜಾಗ. ತಾಖಿಗೂ ಬೇಕಾದದ್ದು ಅದೇ. ಮೇಲಾಗಿ ಕಾಲ ಎಂಥದು? ಸಮಾಜವಾದಿ ವ್ಯವಸ್ಥೆ ಆಗಷ್ಟೇ ಕುಸಿದಿತ್ತು, ಸಹಕಾರಿ ಸಂಘಗಳ ಹಿಂಡುಗಳು ಖಾಸಗಿಯವರ ಪಾಲಾಗುತ್ತಿದ್ದವು. 1990ರಲ್ಲಿ ಇಡೀ ದೇಶದಲ್ಲಿ ಸುಮಾರು 2.6 ಕೋಟಿ ಸಾಕುಪ್ರಾಣಿಗಳಿದ್ದವು. 2019ಕ್ಕೆ ಅದು ಏಳು ಕೋಟಿ ಮುಟ್ಟಿತು. ಕ್ಯಾಶ್ಮೀರ್ ಉಣ್ಣೆಯ ಆಸೆಗೆ ಆಡುಗಳೇ ವಿಪರೀತ ಹೆಚ್ಚಿದವು. ತಾಖಿ ಬಂದದ್ದು ಮೇವಿಗೆ ಪೈಪೋಟಿ ಬಿರುಸಾಗುತ್ತಿದ್ದ ಕಾಲದಲ್ಲಿ.

ಸಾಕು ಕುದುರೆ ಇನ್ನೊಂದು ತೊಡಕು. ತಾಖಿಗೆ 66 ವರ್ಣತಂತುಗಳು, ಸಾಕು ಕುದುರೆಗೆ 64. ಆದರೂ ಎರಡೂ ಕೂಡಿದರೆ ಮರಿ ಹುಟ್ಟುತ್ತದೆ, ಆ ಮರಿಗೂ ಸಂತಾನವಾಗುತ್ತದೆ. ವಂಶಾವಳಿ ಬರೆದು ಕಾಪಾಡಿದ ತಳಿ ಒಂದೆರಡು ತಲೆಮಾರಿನಲ್ಲಿ ಕರಗಿಹೋಗಬಹುದು. ಹಾಗಾಗಿ ದನಗಾಹಿಯ ಕುದುರೆಗಳನ್ನು ಉದ್ಯಾನದಿಂದ ಹೊರಗಿಡಬೇಕು. ಅಜ್ಜನ ಕಾಲದಿಂದ ಮೇಯಿಸುತ್ತಿದ್ದ ಜಾಗಕ್ಕೆ ಈಗ ಹೋಗಬೇಡ ಎಂದರೆ ಅವನಿಗೆ ಏನನ್ನಿಸೀತು?

ಆಮೇಲೆ ತೋಳ. ಕೆಂಜಿಂಕೆ, ಮಾರ್ಮಾಟ್, ಕುರಿಗಳ ಜೊತೆಗೆ ಹುಸ್ತಾಯ್‌ನ ತೋಳಗಳು ತಾಖಿ ಮರಿಗಳನ್ನೂ ಹಿಡಿಯುತ್ತವೆ. ಯುರೋಪಿನ ಬೇಲಿಯೊಳಗೆ ಬೆಳೆದ ಕುದುರೆಗಳಿಗೆ ಮರಿಯನ್ನು ನಡುವೆ ಹಾಕಿಕೊಂಡು ಸುತ್ತ ನಿಲ್ಲುವುದು, ಗಂಡುಕುದುರೆ ಮುಂದೆ ನುಗ್ಗುವುದು ಗೊತ್ತಿರಬಹುದೇ ಎಂಬ ಅಳುಕಿತ್ತು. ಅವು ಆ ಪಾಠ ಕಲಿತವು. ಕೆಲವು ಮರಿಗಳನ್ನು ಕಳೆದುಕೊಂಡೂ ಹಿಂಡು ಬೆಳೆಯಿತು. ಈಗ ಹುಸ್ತಾಯ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ತಾಖಿಗಳಿವೆ. ಆದರೆ ತೋಳಕ್ಕೆ ಉದ್ಯಾನದ ಗಡಿ ತಿಳಿಯದು. ಒಳಗೆ ತಾಖಿ ಮರಿ ಸತ್ತರೆ ನಾವು ಅದನ್ನು ನಿಸರ್ಗ ನಿಯಮ ಎನ್ನುತ್ತೇವೆ. ಹೊರಗೆ ಸತ್ತ ಮರಿಯಾದರೋ ಒಂದು ಕುಟುಂಬದ ಆಸ್ತಿ. ಒಂದೇ ತೋಳ, ಒಂದೇ ಹಸಿವು. ನಷ್ಟದ ಲೆಕ್ಕ ಮಾತ್ರ ಬೇರೆ. ಮರುಪರಿಚಯದ ಕತೆಗಳಲ್ಲಿ ಈ ಎರಡನೆಯ ಲೆಕ್ಕಕ್ಕೆ ಸಿಗುವ ಜಾಗ ಕಡಿಮೆ.

ಎರಡೂ ಲೆಕ್ಕಗಳು ಒಂದಾದದ್ದು 2009–10ರ ಚಳಿಗಾಲದಲ್ಲಿ. ಹಿಮ ದಟ್ಟವಾಗಿ ಬಿದ್ದು ಮೇವು ಮುಚ್ಚಿಹೋಗುವ ದುರಂತಕ್ಕೆ ಅಲ್ಲಿನವರು 'ಝುಡ್' ಎನ್ನುತ್ತಾರೆ. ಆ ವರ್ಷ ಗೋಬಿಯ ಸಂರಕ್ಷಿತ ಪ್ರದೇಶ ಮತ್ತು ಅದರ ಸುತ್ತಲಿನ ದನಗಾಹಿಗಳು ಸರಾಸರಿ 67 ಶೇಕಡಾ ಸಾಕುಪ್ರಾಣಿಗಳನ್ನು ಕಳೆದುಕೊಂಡರು. ತಾಖಿಗಳಲ್ಲಿ ಸರಾಸರಿ 60 ಶೇಕಡಾ ಸತ್ತವು. ಅದೇ ಬಯಲಿನ ಕಾಡುಕತ್ತೆಗಳಿಗೆ ಹೆಚ್ಚು ಹಾನಿಯಾಗಲಿಲ್ಲ. ಅವು ಹಿಮ ಕಡಿಮೆಯಿದ್ದ ಪಶ್ಚಿಮಕ್ಕೆ ಸರಿದಿದ್ದವು. ತಾಖಿಗಳು ತಮಗೆ ಗೊತ್ತಿದ್ದ ಮೇವಿನ ಜಾಗ ಬಿಟ್ಟು ಕದಲಲಿಲ್ಲ. ದನಗಾಹಿಗಳಿಗೆ ದಾರಿ ಗೊತ್ತಿತ್ತು, ಹೋಗಲು ಜಾಗವಿರಲಿಲ್ಲ. ಬೇರೆಡೆಯ ಚಳಿಗಾಲದ ಬೀಡುಗಳಿಗೆ ಆಗಲೇ ವಿಪರೀತ ಪೈಪೋಟಿಯಿತ್ತು.

ಈ ವಿವರ ಓದಿದ ಮೇಲೆ 'ಕಾಡು' ಎಂಬ ಪದವನ್ನು ನಾನು ಸಲೀಸಾಗಿ ಬಳಸಲಾರೆ. 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು, ತಾಖಿಗಳು ಐದು ಸಾವಿರ ವರ್ಷಗಳಿಗೂ ಹಿಂದೆ ಕಜಾಕಿಸ್ತಾನದ ಬೋತಾಯ್ ಜನ ಸಾಕಿದ್ದ ಕುದುರೆಗಳ ಸಂತತಿ ಎಂದಿತು. ಬೋತಾಯ್ ಜನ ಕುದುರೆ ಸಾಕುತ್ತಲೇ ಇರಲಿಲ್ಲ, ಬೇಟೆಯಾಡುತ್ತಿದ್ದರು ಎಂದು 2021ರಲ್ಲಿ ಇತರ ವಿದ್ವಾಂಸರು ವಾದಿಸಿದರು. ಯಾವುದು ಸರಿಯಾದರೂ ಗೋಬಿಯ ಹಿಮದಲ್ಲಿ ಅದರಿಂದ ಏನೂ ಬದಲಾಗುತ್ತಿರಲಿಲ್ಲ. ಅಲ್ಲಿ ಬೇಕಿದ್ದದ್ದು ಹಿಮ ಬಿದ್ದಾಗ ಯಾವ ಕಡೆ ಹೋಗಬೇಕೆಂಬ ಅರಿವು. ಮೃಗಾಲಯಗಳು ತಾಖಿಯ ರಕ್ತವನ್ನು ತಲೆಮಾರುಗಳ ಕಾಲ ಕಾಪಾಡಿದವು. ತಾಯಿಯಿಂದ ಮರಿಗೆ ದಾಟಬೇಕಿದ್ದ ಆ ಅರಿವು 1901ರಲ್ಲಿ ಮರಿಗಳನ್ನು ಅಟ್ಟಿಸಿಕೊಂಡು ಹೋದಾಗಲೇ ಅವುಗಳ ಪಾಲಿಗೆ ತುಂಡಾಗಿತ್ತು.

ಆ ಅರಿವು ಪುಸ್ತಕದಲ್ಲಿಲ್ಲ. ಕಾಡುಕತ್ತೆಗಳಲ್ಲಿದೆ, ದನಗಾಹಿಗಳಲ್ಲಿದೆ. ಝುಡ್‌ನಲ್ಲಿ ಬದುಕುಳಿದ ತಾಖಿಗಳ ಮರಿಗಳು ಈಗ ತಾಯಂದಿರ ಹಿಂದೆ ನಡೆದು ಅದನ್ನು ಹೊಸದಾಗಿ ಕಲಿಯುತ್ತಿರಬೇಕು. ಮುಂದಿನ ಝುಡ್ ಬಂದಾಗ ಅವು ಪಶ್ಚಿಮಕ್ಕೆ ಹೊರಟರೆ, ಅಲ್ಲಿ ಅವಕ್ಕೂ ದನಗಾಹಿಯ ಕುರಿಗಳಿಗೂ ಸಾಕಾಗುವಷ್ಟು ಜಾಗ ಉಳಿದಿರಬೇಕು.