ಕುರುಮಾನಿನ ಮಾಫಟ್ ಗೃಹ

ದಕ್ಷಿಣ ಆಫ್ರಿಕದ ಕಲಹರಿ ಮರುಭೂಮಿಯ ಅಂಚಿನಲ್ಲಿ, ಚಿಲುಮೆಯ ನೀರನ್ನು ಕಾಲುವೆಯ ಮೂಲಕ ತಂದು ಹಸುರುಗೊಳಿಸಿದ ಕುರುಮಾನಿನ ಈ ನೆಲದಲ್ಲಿ, ಲಂಡನ್ ಮಿಷನರಿ ಸೊಸೈಟಿಯ ರಾಬರ್ಟ್ ಮಾಫಟರೂ ಅವರ ಧರ್ಮಪತ್ನಿ ಮೇರಿಯವರೂ 1820ರ ದಶಕದಿಂದ 1870ರವರೆಗೆ ಸಂಸಾರವನ್ನು ನಡೆಸಿದರು.

ಯೌವನದಲ್ಲಿ ತೋಟಗಾರಿಕೆಯನ್ನು ಕಲಿತಿದ್ದ ರಾಬರ್ಟರು ಇಲ್ಲಿ ಹಣ್ಣಿನ ಗಿಡಗಳನ್ನು ಬೆಳೆಸಿ, ಕುಲುಮೆಯಲ್ಲಿ ಕಬ್ಬಿಣವನ್ನು ಬಡಿದು, ಸ್ಥಳೀಯ ತ್ಸ್ವಾನ ಜನರಿಂದಲೇ ಅವರ ನುಡಿಯನ್ನು ಕಲಿತರು. 1831ರಲ್ಲಿ ಕೇಪ್ ಟೌನಿನಿಂದ ತಂದ ಮುದ್ರಣಯಂತ್ರದ ನೆರವಿನಿಂದ, 1857ರ ವೇಳೆಗೆ ಸಮಗ್ರ ಬೈಬಲ್ಲನ್ನು ಆ ನುಡಿಯಲ್ಲಿ ಇಲ್ಲಿಯೇ ಅಚ್ಚು ಹಾಕಿಸಿದರು. ಈ ಮಹತ್ಕಾರ್ಯದ ಹಿಂದೆ ಮೇರಿಯವರ ಅವಿಶ್ರಾಂತ ಗೃಹಕೃತ್ಯವಿದ್ದಿತು. ನೆಲಕ್ಕೆ ಸಗಣಿ ಸಾರಿಸುವ ಸ್ಥಳೀಯ ಪದ್ಧತಿಯನ್ನು ಕಂಡು ಮೊದಲು ಹೇಸಿಕೊಂಡ ಆಕೆ, ಅದರಿಂದ ಧೂಳಡಗಿ ಚಿಗಟಗಳು ನಾಶವಾಗುವುದನ್ನು ಅರಿತ ಬಳಿಕ, ವಾರಕ್ಕೊಮ್ಮೆಯಾದರೂ ತಮ್ಮ ಕೋಣೆಗಳನ್ನು ಸಾರಿಸುವುದಾಗಿ ತವರಿಗೆ ಬರೆದರು. ಪರದೇಶದ ವಿವೇಕಕ್ಕೆ ತಲೆಬಾಗುವ ಈ ವಿನಯವೇ ಆ ಮನೆಯ ನಿಜವಾದ ಶೋಭೆಯಾಗಿದ್ದಿತು.

ದಂಪತಿಗಳಿಗೆ ಹುಟ್ಟಿದ ಹತ್ತು ಮಕ್ಕಳಲ್ಲಿ ಮೂವರು ಎಳವೆಯಲ್ಲಿಯೇ ತೀರಿಕೊಂಡರು. ಉಳಿದವರನ್ನು ವಿದ್ಯಾಭ್ಯಾಸಕ್ಕಾಗಿ ದೂರದ ಊರುಗಳಿಗೆ ಕಳುಹಿಸಿ, ವರ್ಷಾನುಗಟ್ಟಲೆ ಅಗಲಿರಬೇಕಾದ ದುಃಖವೂ ತಾಯಿತಂದೆಯರ ಪಾಲಿಗೆ ಬಂದಿತು. ಹಿರಿಯ ಮಗಳು ಮೇರಿ 1845ರಲ್ಲಿ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ನರ ಕೈಹಿಡಿದುದು ಈ ಕುರುಮಾನಿನಲ್ಲಿಯೇ.

ಸಂದರ್ಶಕರು ಈ ಮನೆಯ ಗೋಡೆಗಳನ್ನು ನೋಡುವಾಗ, ತಮ್ಮ ನುಡಿಯನ್ನೂ ನೆಲದ ಅನುಭವವನ್ನೂ ಧಾರೆಯೆರೆದ ತ್ಸ್ವಾನ ಜನರನ್ನು ಕೃತಜ್ಞತೆಯಿಂದ ಸ್ಮರಿಸಬೇಕು. 1838ರಲ್ಲಿ ಪೂರ್ಣಗೊಂಡ, ಹುಲ್ಲು ಹೊದಿಸಿದ ಕಲ್ಲಿನ ಚರ್ಚು ಇಂದಿಗೂ ಇಲ್ಲಿ ನಿಂತಿದೆ.