ಕನ್ಸರ್ವೆನ್ಸಿ ಓಣಿಯಿಂದ ಭೂಭರ್ತಿಯವರೆಗೆ



ಬಸವನಗುಡಿ, ಮಲ್ಲೇಶ್ವರಗಳ ಹಳೆಯ ರಸ್ತೆಗಳಲ್ಲಿ ಓಡಾಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಒಂದು ಕಿರಿದಾದ ಓಣಿ. ಹಿರಿಯರು ಇದನ್ನು ಕನ್ಸರ್ವೆನ್ಸಿ ಓಣಿ ಎನ್ನುತ್ತಾರೆ. ಇಂದು ಹಲವೆಡೆ ಮುಚ್ಚಿಹೋಗಿರುವ ಈ ಓಣಿಯ ಹಿಂದೆ ಒಂದು ಮಹಾಮಾರಿಯ ಕಥೆಯಿದೆ.

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿತು. ಪೇಟೆಯ ಬೀದಿಗಳು ಇಕ್ಕಟ್ಟು. ಮನೆಗಳಲ್ಲಿ ಗಾಳಿ ಬೆಳಕು ಕಡಿಮೆ. ಸಾವಿರಾರು ಜನ ಸತ್ತರು. ಉಳಿದವರಲ್ಲಿ ಅನೇಕರು ಮನೆಮಠ ಬಿಟ್ಟು ಬಯಲಿನ ಗುಡಿಸಲುಗಳನ್ನು ಸೇರಿದರು. ಇಲಿಯ ಮೈಮೇಲಿನ ಚಿಗಟ ಈ ರೋಗವನ್ನು ಹರಡುತ್ತದೆ ಎಂದು ಫ್ರೆಂಚ್ ವೈದ್ಯ ಸಿಮಾಂಡ್ ಕಂಡುಕೊಂಡದ್ದೂ ಅದೇ ವರ್ಷ. ವೈದ್ಯಲೋಕ ಅದನ್ನು ಒಪ್ಪಲು ಮತ್ತೆ ಕೆಲವು ವರ್ಷಗಳು ಬೇಕಾದವು. ಆದರೂ ಇಕ್ಕಟ್ಟು ಮತ್ತು ಕೊಳಕು ಇದ್ದಲ್ಲಿ ಸಾವು ಹೆಚ್ಚು ಎಂಬುದು ಆಡಳಿತಕ್ಕೆ ಮನದಟ್ಟಾಯಿತು. ಚಾಮರಾಜಪೇಟೆ 1892ರಲ್ಲೇ ರೂಪುಗೊಂಡಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳೂ ತಲೆ ಎತ್ತಿದವು. ನೇರವಾದ ಅಗಲ ರಸ್ತೆ, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ಹೊಲಸು ಸಾಗಿಸುವ ಓಣಿ.

ಆ ನೈರ್ಮಲ್ಯದ ಬೆಲೆಯನ್ನು ತೆತ್ತವರು ಬೇರೆಯವರು. ಜಾತಿಯ ಕಾರಣಕ್ಕೆ ಈ ಕೆಲಸಕ್ಕೆ ತಳ್ಳಲ್ಪಟ್ಟವರು ಆ ಓಣಿಯಲ್ಲಿ ಮಲವನ್ನು ಹೊತ್ತು ನಡೆದರು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು.

ಇನ್ನು, ಓಣಿಯಿಂದ ಹೊರಟ ಕಸ ಎಲ್ಲಿಗೆ ಹೋಯಿತು? ಊರಾಚೆಗೆ. ಕಸವೆಂದರೆ ಸಿಪ್ಪೆ, ಎಲೆ, ಬೂದಿ ಆಗಿದ್ದ ಕಾಲದಲ್ಲಿ ಅದು ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗುತ್ತಿತ್ತು. ನಗರದ ಕಸವನ್ನು ಗೊಬ್ಬರ ಮಾಡಲೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಹುಟ್ಟಿತು. ಆದರೆ ಪ್ಲಾಸ್ಟಿಕ್, ಬ್ಯಾಟರಿ, ಔಷಧದ ಬಾಟಲಿಗಳು ಸೇರಿದಂತೆ ಕಸದ ಗುಣವೇ ಬದಲಾಯಿತು. ನಮ್ಮ 'ಊರಾಚೆ' ಎಂಬುದು ಇನ್ನೊಬ್ಬರ ಊರೇ ಆಗಿತ್ತು. ಮಾವಳ್ಳಿಪುರ, ಮಂಡೂರು ಗ್ರಾಮಗಳ ಬಳಿ ಕಸದ ಗುಡ್ಡಗಳು ಬೆಳೆದವು.

ಬರಿಯ ನೆಲದ ಮೇಲೆ ಸುರಿದ ಕಸ ಹೇಗೆ ಕೆಡುಕು ಮಾಡುತ್ತದೆ? ಮಳೆನೀರು ರಾಶಿಯೊಳಗೆ ಇಳಿದು, ವಿಷವಸ್ತುಗಳನ್ನು ಕರಗಿಸಿಕೊಂಡು, ಕಪ್ಪು ರಸವಾಗಿ ಅಂತರ್ಜಲವನ್ನು ಸೇರುತ್ತದೆ. ಗಾಳಿಯಾಡದೆ ಕೊಳೆತಾಗ ಮೀಥೇನ್ ಅನಿಲ ಹುಟ್ಟಿ ಬೆಂಕಿ ಹತ್ತುತ್ತದೆ. ನೊಣ, ಇಲಿ, ಬೀದಿನಾಯಿಗಳು ಹೆಚ್ಚುತ್ತವೆ.

ಇದನ್ನು ತಡೆಯಲೆಂದೇ ಇರುವುದು ವೈಜ್ಞಾನಿಕ ಭೂಭರ್ತಿ. 2000ದ ಕೇಂದ್ರ ನಿಯಮಗಳು ಇದರ ವಿಧಾನವನ್ನು ಸ್ಪಷ್ಟವಾಗಿ ಹೇಳಿದವು. ತಳದಲ್ಲಿ 90 ಸೆಂಟಿಮೀಟರ್ ದಪ್ಪದ ಗಟ್ಟಿ ಜೇಡಿಮಣ್ಣು, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಇರಬೇಕು. ಕಪ್ಪು ರಸವನ್ನು ಕೊಳವೆಗಳಲ್ಲಿ ಹಿಡಿದು ಶುದ್ಧೀಕರಿಸಬೇಕು. ಪ್ರತಿದಿನ ಕಸದ ಮೇಲೆ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಹಾಸಬೇಕು. ಅನಿಲವನ್ನೂ ಹಿಡಿಯಬೇಕು. ಮುಚ್ಚಿದ ಮೇಲೂ 15 ವರ್ಷ ನಿಗಾ ಇಡಬೇಕು.

ಕಾಗದದ ಮೇಲಿನ ನಿಯಮ ನೆಲಕ್ಕಿಳಿಯದಿದ್ದರೆ ಏನಾಗುತ್ತದೆಂದು ಬೆಂಗಳೂರು ಕಂಡಿದೆ. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ನಗರದ ಬೀದಿಗಳಲ್ಲೇ ಕಸ ರಾಶಿಬಿದ್ದಿತು. ಗ್ರಾಮಸ್ಥರ ಹೋರಾಟದಿಂದಾಗಿ 2014ರ ಕೊನೆಗೆ ಮಂಡೂರಿಗೂ ಲಾರಿಗಳು ನಿಂತವು. ಮನೆಯಲ್ಲೇ ಕಸ ಬೇರ್ಪಡಿಸಬೇಕೆಂದು 2012ರಲ್ಲಿ ಹೈಕೋರ್ಟ್ ಆದೇಶಿಸಿತು. ಗೊಬ್ಬರವಾಗದ, ಮರುಬಳಕೆಗೂ ಬಾರದ ಕಸ ಮಾತ್ರ ಭೂಭರ್ತಿಗೆ ಹೋಗಬೇಕೆಂದು 2016ರ ನಿಯಮಗಳು ಹೇಳಿದವು.

ಪ್ಲೇಗ್ ಕಲಿಸಿದ ಪಾಠದ ಅರ್ಧವನ್ನು ನಮ್ಮ ಹಿರಿಯರು ಕಲಿತರು: ಕೊಳಕು ಮನೆಯ ಬಳಿ ಇರಬಾರದು. ಅದು ಇನ್ನೊಬ್ಬರ ಬಾವಿಯ ಬಳಿಯೂ ಇರಬಾರದು ಎಂಬುದು ಉಳಿದರ್ಧ. ಅದು ನಮ್ಮ ಅಡುಗೆಮನೆಯಲ್ಲಿ, ಹಸಿ ಕಸ ಒಣ ಕಸಗಳನ್ನು ಬೇರೆ ಮಾಡುವ ಎರಡು ಬುಟ್ಟಿಗಳಿಂದ ಆರಂಭವಾಗುತ್ತದೆ.